ಹುಸಿಪಣದ ಗಣಿತ

ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದ ಹಳ್ಳಿಗಳ ಮಕ್ಕಳಿಗೆ, ಕನ್ನಡ ನಾಡಿನ ಇತರ ಮಕ್ಕಳಿಗಿರುವಂತೆಯೇ, ಸರಿಬೆಸದ ಆಟ ಪರಿಚಿತವಾದುದು. ಒಬ್ಬನು ಕೆಲವು ಹುಣಸೆಬೀಜಗಳನ್ನು ಮುಷ್ಟಿಯಲ್ಲಿ ಅಡಗಿಸಿ ‘ಸರಿಯೋ ಬೆಸವೋ?’ ಎಂದು ಕೇಳುತ್ತಾನೆ. ಇನ್ನೊಬ್ಬನು ಊಹಿಸಿ ಹೇಳುತ್ತಾನೆ. ಊಹೆ ನಿಜವಾದರೆ ಬೀಜಗಳು ಹೇಳಿದವನಿಗೆ. ತಪ್ಪಿದರೆ ಅವನೇ ಅಷ್ಟು ಬೀಜಗಳನ್ನು ತೆರಬೇಕು. ಈ ಆಟಕ್ಕೆ ಓದು ಬೇಡ, ಉಪಕರಣ ಬೇಡ. ಆದರೂ ಇಪ್ಪತ್ತನೆಯ ಶತಮಾನದ ಗಣಿತದಲ್ಲಿ ಹುಟ್ಟಿದ ಒಂದು ಹೊಸ ಶಾಖೆಯ ಬೀಜವು ಈ ಮುಷ್ಟಿಯೊಳಗೇ ಅಡಗಿದೆಯೆಂದರೆ ವಾಚಕರು ಆಶ್ಚರ್ಯಪಡಬಹುದು.

ಆ ಶಾಖೆಯ ಹೆಸರು ಆಟಗಳ ಸಿದ್ಧಾಂತ. ಎದುರಾಳಿಯ ಮನಸ್ಸು ನಮಗೆ ತಿಳಿಯದು, ನಮ್ಮ ಮನಸ್ಸು ಅವನಿಗೆ ತಿಳಿಯದು. ಇಂಥ ಸ್ಥಿತಿಯಲ್ಲಿ ವಿವೇಕವುಳ್ಳವನು ಹೇಗೆ ನಡೆಯಬೇಕು ಎಂಬುದೇ ಅದರ ಮುಖ್ಯ ಪ್ರಶ್ನೆ. ಇದಕ್ಕೆ ಅತ್ಯಂತ ಸ್ಪಷ್ಟವಾದ ಉದಾಹರಣೆ ಇಸ್ಪೀಟಿನ ಪೋಕರ್ ಆಟದಲ್ಲಿ ದೊರೆಯುತ್ತದೆ. ಕೈಯಲ್ಲಿ ಒಳ್ಳೆಯ ಎಲೆ ಇಲ್ಲದಿದ್ದರೂ ಇದ್ದಂತೆ ನಟಿಸಿ ದೊಡ್ಡ ಪಣವನ್ನು ಕಟ್ಟಿ ಎದುರಾಳಿಯನ್ನು ಹಿಂದೆಗೆಯುವಂತೆ ಮಾಡುವುದಕ್ಕೆ ಅಲ್ಲಿ ‘ಬ್ಲಫ್’ ಎಂದು ಹೆಸರು. ನಾವು ಇದನ್ನು ‘ಹುಸಿಪಣ’ ಎಂದು ಕರೆಯೋಣ. ಹುಸಿಪಣವು ಕೇವಲ ಎದೆಗಾರಿಕೆಯ ಮಾತೆಂದು ಜನರು ಭಾವಿಸುತ್ತಾರೆ. ಅದು ಲೆಕ್ಕದ ಮಾತು ಎಂಬುದನ್ನು ಈ ಲೇಖನದಲ್ಲಿ ತೋರಿಸುವುದು ನಮ್ಮ ಉದ್ದೇಶ.

ಮುಷ್ಟಿಯೊಳಗಿನ ಬೀಜ

ಮೊದಲು ಸರಿಬೆಸವನ್ನೇ ಪರಿಶೀಲಿಸೋಣ. ಬೀಜ ಹಿಡಿಯುವವನು ಪ್ರತಿ ಸಲವೂ ಬೆಸಸಂಖ್ಯೆಯನ್ನೇ ಹಿಡಿದರೆ ನಾಲ್ಕೈದು ಆಟಗಳೊಳಗೆ ಅವನ ಗುಟ್ಟು ಬಯಲಾಗುತ್ತದೆ. ಒಮ್ಮೆ ಸರಿ, ಒಮ್ಮೆ ಬೆಸ ಎಂದು ಕ್ರಮವಾಗಿ ಬದಲಿಸಿದರೂ ಅದೇ ಗತಿ. ಯಾವುದೇ ನಿಯಮವನ್ನು ಅನುಸರಿಸಿದರೂ ಜಾಣನಾದ ಎದುರಾಳಿಯು ಆ ನಿಯಮವನ್ನು ಕಂಡುಹಿಡಿಯುತ್ತಾನೆ. ಆದುದರಿಂದ ಗುಟ್ಟು ಬಯಲಾಗದಂತೆ ಆಡುವ ಉಪಾಯ ಒಂದೇ: ತಾನು ಮುಂದಿನ ಸಲ ಏನು ಹಿಡಿಯುವೆನೆಂಬುದು ತನಗೇ ಮೊದಲು ತಿಳಿಯದಂತೆ ಮಾಡಿಕೊಳ್ಳುವುದು. ಒಂದು ನಾಣ್ಯವನ್ನು ಮರೆಯಲ್ಲಿ ಚಿಮ್ಮಿ, ರಾಜಮುದ್ರೆ ಬಿದ್ದರೆ ಸರಿ, ಅಂಕೆ ಬಿದ್ದರೆ ಬೆಸ ಎಂದು ಹಿಡಿಯುವವನನ್ನು ಲೋಕದ ಯಾವ ಬುದ್ಧಿವಂತನೂ ದೀರ್ಘಕಾಲದಲ್ಲಿ ಸೋಲಿಸಲಾರನು. ಎದುರಾಳಿಯು ಇವನ ಉಪಾಯವನ್ನು ಪೂರ್ತಿಯಾಗಿ ಅರಿತಿದ್ದರೂ ಅವನ ಊಹೆಯು ಅರ್ಧ ಸಲ ಮಾತ್ರ ನಿಜವಾಗುತ್ತದೆ.

ನಾಣ್ಯದ ಸಹಾಯವಿಲ್ಲದೆ ಮನಸ್ಸಿನಿಂದಲೇ ಹಾಗೆ ಆಡಬಹುದಲ್ಲವೆ ಎಂದು ಯಾರಾದರೂ ಕೇಳಬಹುದು. ಆದರೆ ಮನುಷ್ಯನ ಮನಸ್ಸು ಈ ಕೆಲಸಕ್ಕೆ ತಕ್ಕುದಲ್ಲ. ಎರಡು ಸಲ ಸರಿ ಹಿಡಿದವನಿಗೆ ಮೂರನೆಯ ಸಲ ಬೆಸ ಹಿಡಿಯಬೇಕೆಂಬ ಸೆಳೆತ ತಾನಾಗಿಯೇ ಹುಟ್ಟುತ್ತದೆ. 1950ರ ದಶಕದಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಹೇಗಲ್‌ಬಾರ್ಗರ್ ಮತ್ತು ಕ್ಲಾಡ್ ಷ್ಯಾನನ್ ಎಂಬ ವಿಜ್ಞಾನಿಗಳು ಸರಿಬೆಸದಂಥದೇ ಆಟವನ್ನಾಡುವ ಯಂತ್ರಗಳನ್ನು ರಚಿಸಿದರು. ಎದುರಿಗೆ ಕುಳಿತವನ ಹಿಂದಿನ ಆಟಗಳನ್ನು ನೆನಪಿಟ್ಟುಕೊಂಡು, ಅವನ ಅಭ್ಯಾಸಬಲವನ್ನು ಗುರುತಿಸಿ, ಆ ಯಂತ್ರಗಳು ಅರ್ಧಕ್ಕಿಂತ ಹೆಚ್ಚು ಸಲ ಗೆಲ್ಲುತ್ತಿದ್ದವು. ಯಂತ್ರಕ್ಕೆ ಮನಸ್ಸನ್ನು ಓದುವ ಶಕ್ತಿಯೇನೂ ಇರಲಿಲ್ಲ. ಮನುಷ್ಯನಿಗೆ ಕ್ರಮವಿಲ್ಲದೆ ನಡೆಯುವ ಶಕ್ತಿ ಇರಲಿಲ್ಲ, ಅಷ್ಟೆ.

ಮೂರೆಲೆಯ ಆಟ

ಪೋಕರಿಗೆ ತೀರ ಹತ್ತಿರದ ನಂಟನಾದ ಆಟವೊಂದು ನಮ್ಮ ಕಡೆಗೆ ಬಹುಕಾಲದಿಂದ ರೂಢಿಯಲ್ಲಿದೆ. ಅದೇ ‘ತೀನ್ ಪತ್ತಿ’ ಎಂಬ ಮೂರೆಲೆಯ ಆಟ. ಒಬ್ಬೊಬ್ಬರಿಗೂ ಮೂರು ಎಲೆಗಳು. ಸರದಿಯಂತೆ ಪಣವನ್ನು ಏರಿಸುತ್ತ ಹೋಗಬೇಕು, ಇಲ್ಲವೆ ಎಲೆ ಚೆಲ್ಲಿ ಹಿಂದೆ ಸರಿಯಬೇಕು. ಕೊನೆಯವರೆಗೆ ಉಳಿದವನು, ಅಥವಾ ಎಲೆ ತೋರಿಸಿದಾಗ ಮೇಲಾದವನು, ನಡುವಿನ ಹಣವನ್ನೆಲ್ಲ ಪಡೆಯುತ್ತಾನೆ. ಉಳಿದವರೆಲ್ಲ ಹಿಂದೆ ಸರಿದರೆ ಗೆದ್ದವನು ತನ್ನ ಎಲೆಗಳನ್ನು ತೋರಿಸಬೇಕಾಗಿಲ್ಲ ಎಂಬುದನ್ನು ಗಮನಿಸಬೇಕು. ಹುಸಿಪಣಕ್ಕೆ ಬಾಗಿಲು ತೆರೆಯುವುದು ಈ ಒಂದು ನಿಯಮವೇ.

ಈಗ ಎಣಿಕೆಯನ್ನು ನೋಡೋಣ. 52 ಎಲೆಗಳಿಂದ ಮೂರನ್ನು ಆರಿಸುವ ಬಗೆಗಳು ಒಟ್ಟು 22,100. ಇವುಗಳಲ್ಲಿ ಮೂರೂ ಒಂದೇ ಅಂಕೆಯವಾಗಿ ಬರುವುದು 52 ಬಗೆ. ಒಂದೇ ಬಣ್ಣದ ಮೂರು ಅನುಕ್ರಮದ ಎಲೆಗಳು 48 ಬಗೆ. ಬಣ್ಣ ಬೇರೆಯಾಗಿ ಅನುಕ್ರಮ ಮಾತ್ರ ಇರುವುದು 720 ಬಗೆ. ಅನುಕ್ರಮವಿಲ್ಲದೆ ಬಣ್ಣ ಮಾತ್ರ ಒಂದಾಗಿರುವುದು 1,096 ಬಗೆ. ಎರಡೆಲೆಯ ಜೋಡಿ 3,744 ಬಗೆ. ಇವಾವುವೂ ಇಲ್ಲದ ಬರಿಗೈ 16,440 ಬಗೆ. ಇಲ್ಲಿ ಬಣ್ಣವೆಂದರೆ ಇಸ್ಪೀಟು, ಕಳಾವರು, ಆಟೀನು, ಡೈಮನ್ ಎಂಬ ನಾಲ್ಕರಲ್ಲಿ ಒಂದು ಎಂದು ತಿಳಿಯಬೇಕು. ಇವನ್ನು ಕೂಡಿಸಿದರೆ 22,100 ಆಗುವುದನ್ನು ವಾಚಕರು ತಾವೇ ಪರೀಕ್ಷಿಸಿಕೊಳ್ಳಬಹುದು. ಒಂದು ಸೋಜಿಗವೂ ಇಲ್ಲಿದೆ. ಆಟದಲ್ಲಿ ಮೂರೂ ಒಂದೇ ಅಂಕೆಯಾಗಿರುವುದಕ್ಕೆ ಎಲ್ಲಕ್ಕಿಂತ ಮೇಲಿನ ಸ್ಥಾನ. ಆದರೆ ಎಣಿಕೆಯ ಪ್ರಕಾರ ಒಂದೇ ಬಣ್ಣದ ಅನುಕ್ರಮವು ಅದಕ್ಕಿಂತಲೂ ಅಪರೂಪ. ರೂಢಿಯು ಲೆಕ್ಕವನ್ನು ಕೇಳಿ ನಿಯಮ ಮಾಡಲಿಲ್ಲ.

ಮುಖ್ಯವಾದ ಮಾತೆಂದರೆ, ನೂರು ಸಲ ಎಲೆ ಹಂಚಿದರೆ ಸುಮಾರು 74 ಸಲ ನಮ್ಮ ಕೈಗೆ ಬರುವುದು ಬರಿಗೈ. ಒಳ್ಳೆಯ ಎಲೆ ಬಂದಾಗ ಮಾತ್ರ ಪಣ ಏರಿಸುವವನ ಸ್ಥಿತಿ ಏನಾದೀತು? ಅವನು ಏರಿಸಿದನೆಂದರೆ ಎಲೆ ಒಳ್ಳೆಯದೆಂದು ಎಲ್ಲರಿಗೂ ತಿಳಿಯುತ್ತದೆ. ಎಲ್ಲರೂ ಹಿಂದೆ ಸರಿಯುತ್ತಾರೆ. ಅಪರೂಪಕ್ಕೆ ಬಂದ ಭಾಗ್ಯವೂ ಅವನಿಗೆ ಚಿಲ್ಲರೆಯನ್ನಷ್ಟೇ ಕೊಡುತ್ತದೆ. ಹುಸಿಪಣದ ನಿಜವಾದ ಪ್ರಯೋಜನ ಇಲ್ಲಿ ಹೊಳೆಯುತ್ತದೆ. ಕೆಟ್ಟ ಎಲೆಯಿಂದ ಗೆಲ್ಲುವುದು ಅದರ ಒಂದು ಫಲ ಮಾತ್ರ. ಒಳ್ಳೆಯ ಎಲೆ ಬಂದಾಗ ಎದುರಾಳಿಯು ಸಂಶಯಪಟ್ಟು ಪಣ ಕಟ್ಟುವಂತೆ ಮಾಡುವುದು ಅದರ ಇನ್ನೊಂದು ಫಲ, ಮತ್ತು ಅದೇ ದೊಡ್ಡದು.

ಅಣ್ಣ ತಮ್ಮಂದಿರ ಆಟ

ಇದನ್ನು ಸ್ಪಷ್ಟಪಡಿಸಲು ನಾವು ಒಂದು ಚಿಕ್ಕ ಆಟವನ್ನು ಕಲ್ಪಿಸಿಕೊಳ್ಳೋಣ. ಅಣ್ಣ, ತಮ್ಮ ಇಬ್ಬರೂ ನಡುವಿನ ಬಟ್ಟಲಿಗೆ ಒಂದೊಂದು ಹುಣಸೆಬೀಜ ಹಾಕುತ್ತಾರೆ. ಎಲೆಗಳು ಎರಡೇ: ಒಂದು ಎಕ್ಕಾ, ಒಂದು ಗುಲಾಮ. ಅವನ್ನು ಕಲಸಿ ಬೋರಲಾಗಿಟ್ಟು ಅಣ್ಣನು ಒಂದನ್ನು ಎತ್ತಿಕೊಂಡು ತಾನೊಬ್ಬನೇ ನೋಡುತ್ತಾನೆ. ಎಕ್ಕಾ ಆದರೆ ಗೆಲುವು ಅಣ್ಣನದು, ಗುಲಾಮನಾದರೆ ತಮ್ಮನದು. ಎಲೆ ನೋಡಿದ ಅಣ್ಣನು ಸೋಲೊಪ್ಪಿ ಎಲೆಯನ್ನು ಕೆಳಗಿಡಬಹುದು. ಆಗ ಬಟ್ಟಲಿನಲ್ಲಿದ್ದುದು ತಮ್ಮನಿಗೆ. ಅಥವಾ ಇನ್ನೊಂದು ಬೀಜವನ್ನು ಪಣವಾಗಿ ಹಾಕಬಹುದು. ಹಾಕಿದರೆ, ತಮ್ಮನು ಹೆದರಿ ಬಿಟ್ಟುಕೊಡಬಹುದು. ಆಗ ಬಟ್ಟಲು ಅಣ್ಣನದು. ಇಲ್ಲವೆ ತಾನೂ ಒಂದು ಬೀಜ ಹಾಕಿ ‘ತೋರಿಸು’ ಎನ್ನಬಹುದು.

ಎಕ್ಕಾ ಬಂದಾಗ ಅಣ್ಣನು ಪಣ ಹಾಕುವುದು ಸಹಜ. ಗುಲಾಮ ಬಂದಾಗ ಏನು ಮಾಡಬೇಕು? ಒಟ್ಟು 60 ಆಟಗಳನ್ನು ಆಡಿದರೆಂದೂ ಎಕ್ಕಾ 30 ಸಲ, ಗುಲಾಮ 30 ಸಲ ಬಂದವೆಂದೂ ಇಟ್ಟುಕೊಳ್ಳೋಣ.

ಅಣ್ಣನು ಸತ್ಯಸಂಧನಾಗಿದ್ದು ಗುಲಾಮ ಬಂದಾಗಲೆಲ್ಲ ಎಲೆ ಕೆಳಗಿಟ್ಟರೆ, ತಮ್ಮನಿಗೆ ಇದು ಬೇಗನೆ ತಿಳಿಯುತ್ತದೆ. ಅಣ್ಣ ಪಣ ಹಾಕಿದನೆಂದರೆ ಎಕ್ಕಾ ಎಂದು ಅರಿತು ಅವನು ಪ್ರತಿ ಸಲವೂ ಬಿಟ್ಟುಕೊಡುತ್ತಾನೆ. ಅಣ್ಣನಿಗೆ ಎಕ್ಕಾದಿಂದ 30 ಬೀಜ ಲಾಭ, ಗುಲಾಮನಿಂದ 30 ಬೀಜ ನಷ್ಟ; ಉಳಿದುದು ಸೊನ್ನೆ.

ಇದಕ್ಕೆ ವಿರುದ್ಧವಾಗಿ ಅಣ್ಣನು ಗುಲಾಮ ಬಂದಾಗಲೆಲ್ಲ ಹುಸಿಪಣ ಹಾಕಿದರೆ, ತಮ್ಮನು ಪ್ರತಿ ಸಲವೂ ‘ತೋರಿಸು’ ಎನ್ನುತ್ತಾನೆ. ಎಕ್ಕಾದಿಂದ ಅಣ್ಣನಿಗೆ 60 ಲಾಭ, ಗುಲಾಮನಿಂದ 60 ನಷ್ಟ, ಮತ್ತೆ ಸೊನ್ನೆ. ಎಂದೂ ಹುಸಿಯಾಡದವನಿಗೂ ಸದಾ ಹುಸಿಯಾಡುವವನಿಗೂ ದೊರೆತ ಫಲ ಒಂದೇ.

ಈಗ ಅಣ್ಣನು ಗುಲಾಮ ಬಂದ 30 ಸಲಗಳಲ್ಲಿ 10 ಸಲ ಮಾತ್ರ, ಎಂದರೆ ಮೂರರಲ್ಲಿ ಒಂದು ಸಲ, ಹುಸಿಪಣ ಹಾಕಿ ಉಳಿದ 20 ಸಲ ಎಲೆ ಕೆಳಗಿಡುತ್ತಾನೆಂದು ಭಾವಿಸೋಣ. ತಮ್ಮನು ಪ್ರತಿ ಸಲವೂ ‘ತೋರಿಸು’ ಎಂದರೆ ಎಕ್ಕಾದಿಂದ ಅಣ್ಣನಿಗೆ 60 ಲಾಭ. ಸಿಕ್ಕಿಬಿದ್ದ ಹುಸಿಪಣಗಳಿಂದ 20 ನಷ್ಟ. ಕೆಳಗಿಟ್ಟ ಎಲೆಗಳಿಂದ 20 ನಷ್ಟ. ಉಳಿದುದು 20 ಬೀಜ ಲಾಭ. ತಮ್ಮನು ಪ್ರತಿ ಸಲವೂ ಬಿಟ್ಟುಕೊಟ್ಟರೆ ಎಕ್ಕಾದಿಂದ 30 ಲಾಭ; ಹುಸಿಪಣಗಳಿಂದ 10 ಲಾಭ; ಕೆಳಗಿಟ್ಟ ಎಲೆಗಳಿಂದ 20 ನಷ್ಟ; ಉಳಿದುದು ಮತ್ತೆ 20 ಬೀಜ ಲಾಭ! ತಮ್ಮನು ಏನೇ ಮಾಡಲಿ, ಎಷ್ಟೇ ಯೋಚಿಸಲಿ, ಅಣ್ಣನ ಲಾಭ 20 ಬೀಜವೇ. ಅಷ್ಟೇ ಅಲ್ಲ, ‘ನಾನು ಮೂರರಲ್ಲಿ ಒಂದು ಸಲ ಹುಸಿಯಾಡುತ್ತೇನೆ’ ಎಂದು ಅಣ್ಣನು ಮೊದಲೇ ಸಾರಿ ಹೇಳಿದರೂ ತಮ್ಮನಿಗೆ ಅದರಿಂದ ಪ್ರಯೋಜನವಿಲ್ಲ. ಯಾವ ಸಲ ಎಂಬುದು ತಿಳಿಯದಿದ್ದರೆ ಸಾಕು.

ಮೂರರಲ್ಲಿ ಒಂದು ಏಕೆ?

ಈ ಮೂರರಲ್ಲೊಂದು ಎಂಬ ಪ್ರಮಾಣ ಎಲ್ಲಿಂದ ಬಂತು? ತಮ್ಮನ ಕಡೆಯಿಂದ ನೋಡಿದರೆ ಉತ್ತರ ಸಿಕ್ಕುತ್ತದೆ. ಅಣ್ಣನು ಪಣ ಹಾಕಿದಾಗ ಬಟ್ಟಲಿನಲ್ಲಿ ಮೂರು ಬೀಜಗಳಿರುತ್ತವೆ. ‘ತೋರಿಸು’ ಎನ್ನಲು ತಮ್ಮನು ಒಂದು ಬೀಜ ಹಾಕಬೇಕು. ಒಂದನ್ನು ಹಾಕಿ ಮೂರನ್ನು ಗೆಲ್ಲುವ ವ್ಯವಹಾರವಿದು. ನಾಲ್ಕು ಸಲದಲ್ಲಿ ಮೂರು ಸಲ ಸೋತು ಒಂದು ಸಲ ಗೆದ್ದರೆ ನಷ್ಟವೂ ಇಲ್ಲ, ಲಾಭವೂ ಇಲ್ಲ. ಅಣ್ಣನು ಪಣ ಹಾಕಿದ 40 ಸಲಗಳಲ್ಲಿ 30 ನಿಜ, 10 ಹುಸಿ. ಎಂದರೆ ನಾಲ್ಕರಲ್ಲಿ ಒಂದು ಹುಸಿ. ತಕ್ಕಡಿಯು ಸರಿಯಾಗಿ ನಡುವೆ ನಿಂತಿತು. ಹುಸಿ ಇದಕ್ಕಿಂತ ಹೆಚ್ಚಾದರೆ ‘ತೋರಿಸು’ ಎನ್ನುವುದು ತಮ್ಮನಿಗೆ ಲಾಭ. ಕಡಿಮೆಯಾದರೆ ಬಿಟ್ಟುಕೊಡುವುದು ಲಾಭ.

ಅಂತೆಯೇ ತಮ್ಮನಿಗೂ ಒಂದು ನಿಯಮವುಂಟು. ಹುಸಿಪಣ ಹಾಕುವ ಅಣ್ಣನು ಒಂದು ಬೀಜವನ್ನು ಅಪಾಯಕ್ಕೊಡ್ಡಿ ಬಟ್ಟಲಿನ ಎರಡನ್ನು ಗೆಲ್ಲಲು ಹವಣಿಸುತ್ತಾನೆ. ತಮ್ಮನು ಮೂರರಲ್ಲಿ ಎರಡು ಸಲ ‘ತೋರಿಸು’ ಎಂದು, ಒಂದು ಸಲ ಮಾತ್ರ ಬಿಟ್ಟುಕೊಟ್ಟರೆ, ಹುಸಿಪಣದಿಂದ ಅಣ್ಣನಿಗೆ ಹೆಚ್ಚಿನ ಲಾಭ ದೊರೆಯದು. ಆಗ ಅಣ್ಣನು ಏನೇ ಮಾಡಲಿ, 60 ಆಟಗಳಲ್ಲಿ 20 ಬೀಜಗಳಿಗಿಂತ ಹೆಚ್ಚು ಗೆಲ್ಲಲಾರನು. ಒಬ್ಬನು ತಾನಾಗಿ ಭದ್ರಪಡಿಸಿಕೊಳ್ಳಬಹುದಾದ ಕನಿಷ್ಠ ಲಾಭವೂ ಇನ್ನೊಬ್ಬನು ತಡೆದು ನಿಲ್ಲಿಸಬಹುದಾದ ಗರಿಷ್ಠ ನಷ್ಟವೂ ಹೀಗೆ ಒಂದೇ ಸಂಖ್ಯೆಯಲ್ಲಿ ಬಂದು ಕೂಡುತ್ತವೆ. ಆಟಗಳ ಸಿದ್ಧಾಂತದ ಮೂಲಪ್ರಮೇಯವೇ ಇದು.

ಇಲ್ಲಿ ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಒಂದು ಹೋಲಿಕೆ ಹೊಳೆಯದಿರದು. ಪಾತ್ರೆಯೊಳಗಿನ ಅನಿಲದ ಒಂದೊಂದು ಅಣುವೂ ಮುಂದಿನ ಗಳಿಗೆಯಲ್ಲಿ ಯಾವ ಕಡೆಗೆ ಚಲಿಸುವುದೆಂದು ನಾವು ಹೇಳಲಾರೆವು; ಆದರೆ ಕೋಟ್ಯನುಕೋಟಿ ಅಣುಗಳು ಗೋಡೆಯನ್ನು ತಟ್ಟುವುದರಿಂದ ಉಂಟಾಗುವ ಒತ್ತಡವನ್ನು ನಿಖರವಾಗಿ ಹೇಳಬಲ್ಲೆವು. ಹುಸಿಪಣವೂ ಹಾಗೆಯೇ. ಒಂದೊಂದು ಸಲವೂ ಅನಿಶ್ಚಿತ. ಒಟ್ಟಿನ ಪ್ರಮಾಣ ಮಾತ್ರ ನಿಶ್ಚಿತ.

ಸಿದ್ಧಾಂತದ ಚರಿತ್ರೆ

ಜೂಜಿಗೂ ಗಣಿತಕ್ಕೂ ನಂಟಿದೆಯೆಂಬುದನ್ನು ನಮ್ಮ ಹಿರಿಯರು ಅರಿಯದವರಲ್ಲ. ಮಹಾಭಾರತದ ನಳೋಪಾಖ್ಯಾನದಲ್ಲಿ ಋತುಪರ್ಣ ರಾಜನು ತಾರೆಯ ಮರವೊಂದರ ಎಲೆ ಕಾಯಿಗಳ ಸಂಖ್ಯೆಯನ್ನು ನಿಂತಲ್ಲಿಯೇ ಹೇಳಿ, ಅಶ್ವವಿದ್ಯೆಗೆ ಪ್ರತಿಯಾಗಿ ನಳನಿಗೆ ಅಕ್ಷಹೃದಯವನ್ನು ಉಪದೇಶಿಸುತ್ತಾನೆ. ದಾಳಗಳ ರಹಸ್ಯವನ್ನೂ ಎಣಿಕೆಯ ವಿದ್ಯೆಯನ್ನೂ ಒಂದೆಡೆ ಇಟ್ಟ ಕಥೆಯಿದು. ಕನಕದಾಸರ ‘ನಳಚರಿತ್ರೆ’ಯ ಮೂಲಕ ನಳನ ಕಥೆ ಕನ್ನಡಿಗರಿಗೆ ಮನೆಮಾತಾಗಿದೆ.

ಹುಸಿಪಣವನ್ನು ಗಣಿತದ ಕಣ್ಣಿನಿಂದ ನೋಡಿದವರಲ್ಲಿ ಫ್ರಾನ್ಸಿನ ಎಮಿಲ್ ಬೊರೆಲ್ ಮೊದಲಿಗನು. 1921ರಿಂದ ಮುಂದಕ್ಕೆ ಅವನು ಪ್ರಕಟಿಸಿದ ಟಿಪ್ಪಣಿಗಳಲ್ಲಿ ಈ ವಿಚಾರವಿದೆ. ಹಂಗೆರಿಯಲ್ಲಿ ಹುಟ್ಟಿದ ಜಾನ್ ಫಾನ್ ನಾಯ್‌ಮನ್ ಎಂಬ ಮೇಧಾವಿಯು 1928ರಲ್ಲಿ ಮೇಲೆ ಹೇಳಿದ ಮೂಲಪ್ರಮೇಯವನ್ನು ಸಾಧಿಸಿದನು. 1944ರಲ್ಲಿ ಅವನು ಅರ್ಥಶಾಸ್ತ್ರಜ್ಞನಾದ ಆಸ್ಕರ್ ಮಾರ್ಗೆನ್‌ಸ್ಟರ್ನ್ ಎಂಬವನೊಡನೆ ಬರೆದ ಬೃಹದ್ಗ್ರಂಥದಲ್ಲಿ ಪೋಕರಿಗೂ ಹುಸಿಪಣಕ್ಕೂ ಒಂದು ವಿಭಾಗವನ್ನೇ ಮೀಸಲಿಟ್ಟಿದ್ದಾನೆ. ದುರ್ಬಲನಾದಾಗ ಬಲಶಾಲಿಯೆಂಬ ಭ್ರಮೆ ಹುಟ್ಟಿಸುವುದು ಒಂದು, ಬಲಶಾಲಿಯಾದಾಗ ದುರ್ಬಲನೆಂಬ ಸಂಶಯ ಹುಟ್ಟಿಸುವುದು ಇನ್ನೊಂದು ಎಂದು ಹುಸಿಪಣದ ಎರಡು ಉದ್ದೇಶಗಳನ್ನು ಬೇರ್ಪಡಿಸಿ ತೋರಿಸಿದವನು ಅವನೇ. 1950ರಲ್ಲಿ ಹೆರಾಲ್ಡ್ ಕೂನ್ ಎಂಬ ಗಣಿತಜ್ಞನು ಮೂರೇ ಎಲೆಗಳ ಕಿರುಪೋಕರನ್ನು ರಚಿಸಿ ಪೂರ್ಣವಾಗಿ ಬಿಡಿಸಿದನು. ನಮ್ಮ ಅಣ್ಣತಮ್ಮಂದಿರ ಆಟವು ಅದಕ್ಕಿಂತಲೂ ಸರಳವಾದುದು.

ಸಂತೆಯಲ್ಲಿ ಮತ್ತು ಕೈತೋಟದಲ್ಲಿ

ಹುಸಿಪಣವು ಇಸ್ಪೀಟಿಗೆ ಮಾತ್ರ ಸೀಮಿತವಾದುದಲ್ಲ. ನಮ್ಮ ಕಡೆಯ ದನದ ಸಂತೆಗೆ ಹೋಗಿ ನೋಡಿದರೆ, ಕೊಳ್ಳುವವನೂ ಮಾರುವವನೂ ವಸ್ತ್ರದ ಮರೆಯಲ್ಲಿ ಬೆರಳುಗಳನ್ನು ಹಿಡಿದು ಬೆಲೆ ಕುದುರಿಸುವುದು ಕಾಣುತ್ತದೆ. ಸುತ್ತ ನಿಂತವರಿಗೆ ಬೆಲೆ ತಿಳಿಯಬಾರದೆಂಬುದೇ ಆ ವಸ್ತ್ರದ ಉದ್ದೇಶ. ಇದು ಮರೆಮಾಚುವಿಕೆಯೇ ಹೊರತು ಹುಸಿಯಲ್ಲ. ಆದರೆ ಮಾರುವವನು ‘ಈ ರೇಟಿಗೆ ಆಗೂದಿಲ್ರೀ’ ಎಂದು ಎತ್ತಿನ ಹಗ್ಗ ಹಿಡಿದು ನಾಲ್ಕು ಹೆಜ್ಜೆ ಹೊರಟನೆನ್ನಿ. ಅದು ನಿಜವಾದ ನಿರ್ಧಾರವೋ ಹುಸಿಪಣವೋ? ಪ್ರತಿ ಸಂತೆಯಲ್ಲಿಯೂ ಹೊರಟಂತೆ ಮಾಡಿ ತಿರುಗಿ ಬರುವವನ ಹೆಜ್ಜೆಗೆ ಯಾರೂ ಬೆಲೆ ಕೊಡುವುದಿಲ್ಲ. ನಿಜವಾಗಿಯೂ ಕೆಲವು ಸಲ ಎತ್ತನ್ನು ಮನೆಗೆ ಹೊಡೆದುಕೊಂಡು ಹೋದವನ ಹೆಜ್ಜೆಗೆ ಮಾತ್ರ ಬೆಲೆಯುಂಟು. ಹುಸಿಯು ಬಾಳುವುದು ನಿಜದ ಆಸರೆಯಿಂದ.

ಗೋಕಾಕದ ಕುಶಲಕರ್ಮಿಗಳು ಹಗುರಾದ ಕಟ್ಟಿಗೆಯಲ್ಲಿ ಕೆತ್ತಿ ಬಣ್ಣವಿಟ್ಟು ಮಾಡುವ ಹಣ್ಣು ತರಕಾರಿಗಳನ್ನು ವಾಚಕರಲ್ಲಿ ಹಲವರು ನೋಡಿರಬಹುದು. ಒಂಬತ್ತು ನಿಜವಾದ ಮಾವಿನ ಹಣ್ಣುಗಳ ನಡುವೆ ಕಟ್ಟಿಗೆಯದೊಂದನ್ನಿಟ್ಟರೆ ಅತಿಥಿಯ ಕೈ ನಿಶ್ಶಂಕೆಯಿಂದ ಬುಟ್ಟಿಗೆ ಹೋಗುತ್ತದೆ. ಐದು ಕಟ್ಟಿಗೆಯವನ್ನಿಟ್ಟರೆ ಅವನು ಪ್ರತಿಯೊಂದನ್ನೂ ಒತ್ತಿ ನೋಡಿಯೇ ಎತ್ತಿಕೊಳ್ಳುತ್ತಾನೆ. ಕೆತ್ತನೆಯ ಕೌಶಲ ಎರಡು ಬುಟ್ಟಿಗಳಲ್ಲಿಯೂ ಒಂದೇ, ಬದಲಾದುದು ಪ್ರಮಾಣ.

ಇದೇ ನಿಯಮವು ನಿಸರ್ಗದಲ್ಲಿಯೂ ನಡೆಯುತ್ತಿದೆ. ಕರಿಬೇವು, ಲಿಂಬೆ ಗಿಡಗಳ ಎಲೆ ತಿಂದು ಬೆಳೆಯುವ ‘ಕಾಮನ್ ಮಾರ್ಮನ್’ ಎಂಬ ಚಿಟ್ಟೆಯು ನಮ್ಮ ಕೈತೋಟಗಳಲ್ಲಿ ಸಾಮಾನ್ಯ. ಇದರ ಹೆಣ್ಣುಗಳಲ್ಲಿ ಕೆಲವು ಗಂಡನ್ನೇ ಹೋಲುತ್ತವೆ. ಮತ್ತೆ ಕೆಲವು ‘ಕಾಮನ್ ರೋಸ್’, ‘ಕ್ರಿಮ್ಸನ್ ರೋಸ್’ ಎಂಬ ಬೇರೆ ಜಾತಿಯ ಚಿಟ್ಟೆಗಳನ್ನು ಹೋಲುತ್ತವೆ. ಆ ರೋಸ್ ಚಿಟ್ಟೆಗಳ ಮರಿಹುಳುಗಳು ಈಶ್ವರಿ ಬಳ್ಳಿಯ ಜಾತಿಯ ಗಿಡಗಳನ್ನು ತಿಂದು ವಿಷವನ್ನು ಮೈಗೂಡಿಸಿಕೊಳ್ಳುತ್ತವೆ. ಒಮ್ಮೆ ಅವನ್ನು ತಿಂದು ಕೆಟ್ಟ ಅನುಭವ ಪಡೆದ ಹಕ್ಕಿಯು ಆ ಬಣ್ಣವನ್ನು ಮತ್ತೆ ಮುಟ್ಟುವುದಿಲ್ಲ. ಮಾರ್ಮನ್ ಹೆಣ್ಣಿನ ಮೈಯಲ್ಲಿ ವಿಷವಿಲ್ಲ. ಆದರೆ ವಿಷವುಳ್ಳದರ ವೇಷವಿದೆ. ಕೈಯಲ್ಲಿ ಗುಲಾಮನನ್ನಿಟ್ಟುಕೊಂಡು ಎಕ್ಕಾದ ಪಣ ಕಟ್ಟುವ ಆಟಗಾತಿ ಇವಳು! ವೇಷಧಾರಿಗಳ ಸಂಖ್ಯೆ ಮಿತಿಮೀರಿದರೆ ಹಕ್ಕಿಗಳು ಆ ಬಣ್ಣದ ಚಿಟ್ಟೆಗಳನ್ನು ತಿಂದು ನೋಡಲು ಕಲಿಯುತ್ತವೆ, ವೇಷದ ಬೆಲೆ ಇಳಿದುಹೋಗುತ್ತದೆ. ಇಂಥ ಅನುಕರಣೆಯನ್ನು 1862ರಲ್ಲಿ ಹೆನ್ರಿ ಬೇಟ್ಸ್ ಎಂಬ ಆಂಗ್ಲ ವಿಜ್ಞಾನಿಯು ಅಮೆಜಾನ್ ಕಾಡುಗಳ ಚಿಟ್ಟೆಗಳನ್ನು ಕುರಿತು ಬರೆದು ಮೊದಲಿಗೆ ವಿವರಿಸಿದನು. ಮಾರ್ಮನ್ ಹೆಣ್ಣಿನ ವೇಷವನ್ನು ನಿರ್ಧರಿಸುವುದು ‘ಡಬಲ್‌ಸೆಕ್ಸ್’ ಎಂಬ ಒಂದೇ ಜೀನ್ ಎಂಬುದನ್ನು 2014ರಲ್ಲಿ ಪ್ರಕಟಿಸಿದ ತಂಡದಲ್ಲಿ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನಗಳ ಕೇಂದ್ರದ ಕೃಷ್ಣಮೇಘ ಕುಂಟೆಯವರು ಪ್ರಮುಖರು. ಚಿಟ್ಟೆಗೆ ಮೋಸ ಮಾಡುವ ಉದ್ದೇಶವೂ ಇಲ್ಲ, ಲೆಕ್ಕ ಮಾಡುವ ಬುದ್ಧಿಯೂ ಇಲ್ಲ. ಲೆಕ್ಕವನ್ನು ನಡೆಸುತ್ತಿರುವುದು ನಿಸರ್ಗದ ಆಯ್ಕೆ.

ಮುಖ ನೋಡಿ ಹೇಳಬಹುದೆ?

ಕಣ್ಣಲ್ಲಿ ಕಣ್ಣಿಟ್ಟು ನೋಡಿದರೆ ಹುಸಿಯನ್ನು ಗುರುತಿಸಬಹುದೆಂಬ ನಂಬಿಕೆ ಲೋಕದಲ್ಲಿ ಪ್ರಬಲವಾಗಿದೆ. ಚಲನಚಿತ್ರಗಳಲ್ಲಿ ಹೀಗೆ ಗೆಲ್ಲುವ ಆಟಗಾರರು ಹಲವರು. ಆದರೆ ಪ್ರಯೋಗಗಳು ಬೇರೆಯೇ ಮಾತನ್ನು ಹೇಳುತ್ತವೆ. ಸುಳ್ಳು ಸತ್ಯಗಳನ್ನು ಜನರು ಎಷ್ಟರಮಟ್ಟಿಗೆ ಬೇರ್ಪಡಿಸಬಲ್ಲರೆಂಬ ಬಗ್ಗೆ ನಡೆದ ನೂರಾರು ಅಧ್ಯಯನಗಳನ್ನು ಬಾಂಡ್ ಮತ್ತು ಡಿಪಾಲೊ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ಒಟ್ಟುಗೂಡಿಸಿ ನೋಡಿದರು. ಜನರ ತೀರ್ಮಾನ ಸರಿಯಾದುದು ನೂರರಲ್ಲಿ ಸುಮಾರು 54 ಸಲ ಮಾತ್ರ. ನಾಣ್ಯ ಚಿಮ್ಮಿ ಹೇಳಿದರೂ 50 ಸಲ ಸರಿಯಾಗುತ್ತಿತ್ತು!

ಮುಖವನ್ನೇ ನೋಡದೆ ಹುಸಿಪಣದಲ್ಲಿ ಗೆಲ್ಲಬಹುದೆಂಬುದನ್ನು ಗಣಕಯಂತ್ರಗಳು ಪ್ರತ್ಯಕ್ಷವಾಗಿ ತೋರಿಸಿಕೊಟ್ಟಿವೆ. 2015ರಲ್ಲಿ ಕೆನಡದ ಆಲ್ಬರ್ಟ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು, ಪಣದ ಏರಿಕೆಗೆ ಮಿತಿಯುಳ್ಳ ಇಬ್ಬರ ಪೋಕರನ್ನು ಬಹುಮಟ್ಟಿಗೆ ಪೂರ್ಣವಾಗಿ ಬಿಡಿಸಿದರು. 2017ರ ಜನವರಿಯಲ್ಲಿ ಅಮೆರಿಕದ ಪಿಟ್ಸ್‌ಬರ್ಗ್ ನಗರದಲ್ಲಿ ಕಾರ್ನೆಗಿ ಮೆಲ್ಲನ್ ವಿಶ್ವವಿದ್ಯಾನಿಲಯದ ‘ಲಿಬ್ರಾಟಸ್’ ಎಂಬ ಕ್ರಮವಿಧಿಯು ನಾಲ್ವರು ವೃತ್ತಿನಿರತ ಆಟಗಾರರೊಡನೆ 20 ದಿನಗಳಲ್ಲಿ 1,20,000 ಆಟಗಳನ್ನಾಡಿ ಗೆದ್ದಿತು. 2019ರಲ್ಲಿ ‘ಪ್ಲೂರಿಬಸ್’ ಎಂಬುದು ಆರು ಜನರ ಆಟದಲ್ಲಿಯೂ ಜಯಶಾಲಿಯಾಯಿತು. ಇವಕ್ಕೆ ಹುಸಿಪಣವನ್ನು ಯಾರೂ ಕಲಿಸಲಿಲ್ಲ. ತಮ್ಮೊಡನೆ ತಾವೇ ಅಸಂಖ್ಯಾತ ಆಟಗಳನ್ನಾಡಿ, ನಷ್ಟವನ್ನು ತಗ್ಗಿಸುತ್ತ ಹೋದಂತೆ, ಹುಸಿಪಣವು ಲೆಕ್ಕದ ಫಲವಾಗಿ ತಾನಾಗಿಯೇ ಮೂಡಿತು. ಭಯವಿಲ್ಲದ, ಲಜ್ಜೆಯಿಲ್ಲದ, ದುರಾಸೆಯಿಲ್ಲದ ಯಂತ್ರವೂ ಹುಸಿಯಾಡಬೇಕಾಯಿತೆಂಬುದು, ಹುಸಿಪಣದ ಮೂಲ ಮನುಷ್ಯಸ್ವಭಾವದಲ್ಲಿಲ್ಲ, ಆಟದ ರಚನೆಯಲ್ಲಿದೆ ಎಂಬುದಕ್ಕೆ ದೊಡ್ಡ ಪ್ರಮಾಣ.

ಹಣ ಕಟ್ಟಿದಾಗ

ಇಷ್ಟನ್ನು ಓದಿದ ತರುಣ ವಾಚಕರಲ್ಲಿ ಯಾರಾದರೂ ‘ಲೆಕ್ಕ ತಿಳಿಯಿತು, ಇನ್ನು ಹಣ ಕಟ್ಟಿ ಆಡಿದರೆ ಗೆಲ್ಲುವೆವು’ ಎಂದುಕೊಂಡರೆ ಅವರು ಇನ್ನೂ ಎರಡು ಲೆಕ್ಕಗಳನ್ನು ಕಲಿಯಬೇಕಾಗಿದೆ.

ಮೊದಲನೆಯದು ಮನೆಯವನ ಪಾಲಿನ ಲೆಕ್ಕ. ಆಟದ ಕಟ್ಟೆಯನ್ನು ನಡೆಸುವವನು ಪ್ರತಿ ಆಟದಿಂದಲೂ ಒಂದು ಪಾಲನ್ನು ತೆಗೆದುಕೊಳ್ಳುತ್ತಾನೆ. ಅದು ನೂರಕ್ಕೆ ಐದು ಎಂದಿಟ್ಟುಕೊಳ್ಳಿ. ಸಮಾನ ಜಾಣರಾದ ಇಬ್ಬರು ತಲಾ 50 ಬೀಜಗಳೊಡನೆ ಕುಳಿತು, ಪ್ರತಿ ಆಟದಲ್ಲಿ ನಡುವೆ 4 ಬೀಜ ಕೂಡುವಂತೆ ಆಡಿದರೆ, ಮನೆಯವನ ಪಾಲು ಆಟಕ್ಕೆ ಒಂದು ಬೀಜದ ಐದನೆಯ ಒಂದು ಭಾಗ. ಕೇಳಲು ಎಷ್ಟು ಅಲ್ಪ! ಆದರೆ 500 ಆಟಗಳು ಮುಗಿಯುವಷ್ಟರಲ್ಲಿ ಅದು 100 ಬೀಜಗಳಾಗುತ್ತದೆ. ಇಬ್ಬರ ಕೈಯೂ ಬರಿದು. ಇವರಿಬ್ಬರಲ್ಲಿ ಗೆದ್ದವರಾರು?

ಎರಡನೆಯದು ಬಂಡವಾಳದ ಲೆಕ್ಕ. ಆಟವು ಪೂರ್ಣ ನ್ಯಾಯಸಮ್ಮತವಾಗಿದ್ದು, ಪ್ರತಿ ಸಲವೂ ಸೋಲು ಗೆಲುವುಗಳ ಸಂಭವ ಸಮನಾಗಿರಲಿ. ಪಣ ಒಂದೊಂದೇ ಬೀಜವಿರಲಿ. ಒಬ್ಬನ ಹತ್ತಿರ 10 ಬೀಜಗಳು, ಎದುರಾಳಿಯ ಹತ್ತಿರ 990. ಒಬ್ಬರ ಕೈ ಬರಿದಾಗುವವರೆಗೆ ಆಡಿದರೆ, 10 ಬೀಜದವನು ಪೂರ್ತಿ ಸೋಲುವ ಸಂಭವ ನೂರರಲ್ಲಿ 99. ಇಲ್ಲಿ ಮೋಸವಿಲ್ಲ, ದುರದೃಷ್ಟವೂ ಇಲ್ಲ. ಚಿಕ್ಕ ಚೀಲವು ದೊಡ್ಡ ಚೀಲಕ್ಕಿಂತ ಮೊದಲು ಬರಿದಾಗುತ್ತದೆ, ಅಷ್ಟೆ. ಕೈಯಲ್ಲಿರುವ ಮೊಬೈಲ್ ಫೋನಿನ ಪರದೆಯ ಮೇಲೆ ಅಪರಿಚಿತರೊಡನೆ ಆಡುವವನು, ಎದುರಿಗಿರುವುದು ಮನುಷ್ಯನೋ ಮೇಲೆ ಹೇಳಿದಂಥ ಯಂತ್ರವೋ, ಒಬ್ಬನೋ ಒಳಗೊಳಗೇ ಕೂಡಿಕೊಂಡ ನಾಲ್ವರೋ ಎಂಬುದನ್ನೂ ಅರಿಯಲಾರನು.

ಕಾಯಿದೆಯೂ ಈ ಪ್ರಶ್ನೆಯೊಡನೆ ಬಹುಕಾಲ ಸೆಣಸಾಡಿದೆ. ರಮ್ಮಿಯು ಮುಖ್ಯವಾಗಿ ಕೌಶಲದ ಆಟವೆಂದು ಸುಪ್ರೀಂ ಕೋರ್ಟು 1967ರಲ್ಲಿ ಹೇಳಿತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಲು ಕರ್ನಾಟಕ ಸರಕಾರವು 2021ರಲ್ಲಿ ಪೋಲೀಸು ಕಾಯಿದೆಗೆ ತಿದ್ದುಪಡಿ ತಂದಿತು. ಅದರ ಮುಖ್ಯ ಭಾಗಗಳನ್ನು 2022ರ ಫೆಬ್ರವರಿಯಲ್ಲಿ ಕರ್ನಾಟಕ ಹೈಕೋರ್ಟು ರದ್ದುಪಡಿಸಿತು. 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆಯು, ಆಟವು ಕೌಶಲದ್ದೋ ಅದೃಷ್ಟದ್ದೋ ಎಂಬ ಭೇದವನ್ನೆಣಿಸದೆ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸುತ್ತದೆ. ಕೌಶಲವೇ ಅದೃಷ್ಟವೇ ಎಂಬ ವಾದ ನ್ಯಾಯಾಲಯಗಳಲ್ಲಿ ದಶಕಗಳ ಕಾಲ ನಡೆಯಿತು. ಮೇಲಿನ ಎರಡು ಲೆಕ್ಕಗಳು ಆ ವಾದದ ತೀರ್ಪಿಗಾಗಿ ಕಾಯುವುದಿಲ್ಲ. ಕೌಶಲವಿರಲಿ ಇಲ್ಲದಿರಲಿ, ಬಡವನ ಮನೆಯ ಸಂಬಳ, ವಿದ್ಯಾರ್ಥಿಯ ಶುಲ್ಕದ ಹಣ ಹೋಗುವ ದಾರಿ ಒಂದೇ.

ಹಾಗಾದರೆ ಹುಸಿಪಣದ ಗಣಿತವನ್ನು ಕಲಿತು ಪ್ರಯೋಜನವೇನು? ಬಹಳವಿದೆ. ಯಾರಾದರೂ ದೊಡ್ಡ ದನಿಯಲ್ಲಿ ಏನನ್ನಾದರೂ ಸಾರಿದಾಗ, ಇವನು ನಿಜವಿದ್ದಾಗ ಎಷ್ಟು ಸಲ ಹೀಗೆ ಸಾರುತ್ತಾನೆ, ನಿಜವಿಲ್ಲದಾಗ ಎಷ್ಟು ಸಲ ಸಾರುತ್ತಾನೆ, ಪರೀಕ್ಷಿಸಲು ನಮಗೆ ತಗಲುವ ಬೆಲೆ ಎಷ್ಟು ಎಂಬ ಮೂರು ಪ್ರಶ್ನೆಗಳನ್ನು ಕೇಳುವುದನ್ನು ಅದು ಕಲಿಸುತ್ತದೆ. ಬೀಜದ ಚೀಲದ ಮೇಲಿನ ಭರವಸೆಯಾಗಲಿ, ಸಾಲ ಕೊಡುವವನ ಜಾಹೀರಾತಾಗಲಿ, ಚುನಾವಣೆಯ ಭಾಷಣವಾಗಲಿ, ಈ ಮೂರು ಪ್ರಶ್ನೆಗಳ ಮುಂದೆ ಸಮಾನ. ಎಲ್ಲವನ್ನೂ ನಂಬುವವನೂ ಏನನ್ನೂ ನಂಬದವನೂ ಲೆಕ್ಕ ಮಾಡದವರು. ತಮ್ಮನು ಪ್ರತಿ ಸಲ ಬಿಟ್ಟುಕೊಟ್ಟಂತೆ, ಇಲ್ಲವೆ ಪ್ರತಿ ಸಲ ‘ತೋರಿಸು’ ಎಂದಂತೆ, ಅವರ ನಡೆ.

ಅಭ್ಯಾಸ

ಅಣ್ಣತಮ್ಮಂದಿರ ಆಟವನ್ನು ಇಬ್ಬರು ಗೆಳೆಯರು ಹುಣಸೆಬೀಜಗಳಿಂದಲೇ 60 ಸಲ ಆಡಿ ನೋಡಿ. ಗುಲಾಮ ಬಂದಾಗ ಹುಸಿಪಣ ಹಾಕಬೇಕೇ ಬೇಡವೇ ಎಂಬುದನ್ನು ಮನಸ್ಸಿಗೆ ಬಿಡಬೇಡಿ. ಮರೆಯಲ್ಲಿ ದಾಳವೆಸೆದು 1 ಅಥವಾ 2 ಬಿದ್ದರೆ ಮಾತ್ರ ಹಾಕಿ. 60 ಆಟಗಳಲ್ಲಿ ಫಲವು 20ರಿಂದ ಸಾಕಷ್ಟು ಆಚೀಚೆ ಸರಿಯಬಹುದು. ತರಗತಿಯ ಹತ್ತು ಜೋಡಿಗಳ ಫಲಗಳನ್ನು ಕೂಡಿಸಿ ಸರಾಸರಿ ತೆಗೆದರೆ ಅದು 20ರ ಸಮೀಪಕ್ಕೆ ಬರುತ್ತದೆ. ಅನಂತರ ಈ ಪ್ರಶ್ನೆಯನ್ನು ಬಿಡಿಸಿ: ಅಣ್ಣನು ಹಾಕುವ ಪಣ ಒಂದು ಬೀಜದ ಬದಲು ಎರಡು ಬೀಜವಾದರೆ, ಗುಲಾಮ ಬಂದಾಗ ಎಷ್ಟು ಸಲ ಹುಸಿಯಾಡಬೇಕು? ತಮ್ಮನು ಎಷ್ಟು ಸಲ ‘ತೋರಿಸು’ ಎನ್ನಬೇಕು?

ಉತ್ತರ: ಎರಡೂ ಅರ್ಧ ಸಲ. 60 ಆಟಗಳಲ್ಲಿ ಅಣ್ಣನ ಲಾಭ 30 ಬೀಜ. ಪಣ ಹಿರಿದಾದಷ್ಟೂ ಹುಸಿಗೆ ಅವಕಾಶ ಹೆಚ್ಚು, ಪರೀಕ್ಷಿಸುವ ಧೈರ್ಯ ಕಡಿಮೆ.